ಬಸುರಿಯಾದಾಗ ಮಾನಸಿಕ ಕಾಯಿಲೆಯ ಮಾತ್ರೆ: ನಿಲ್ಲಿಸುವ ಮುಂಚೆ ಇದನ್ನು ಓದಿ

ಬಸುರಿ ಅಂತ ಗೊತ್ತಾದ ದಿನವೇ ಮಾತ್ರೆಯನ್ನೆಲ್ಲ ಎತ್ತಿಟ್ಟುಬಿಡುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿಗೆ ಏನಾಗುತ್ತದೋ ಎಂಬ ಭಯ ಸಹಜ. ಆದರೆ ಕಾಯಿಲೆ ಮತ್ತೆ ಬಂದು ತಾಯಿ ಊಟ, ನಿದ್ದೆ, ತಪಾಸಣೆ ಎಲ್ಲ ಬಿಟ್ಟರೆ ಅದೂ ಮಗುವಿಗೆ ಅಪಾಯವೇ ಅಲ್ವಾ?

ಮಗು ಬೇಕು ಅಂದುಕೊಂಡಾಗಲೇ ಮನೋವೈದ್ಯರನ್ನು ನೋಡಿ. ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ 4 ವಾರದಲ್ಲಿ, ಆ ಹೊತ್ತಿಗೆ ಎಷ್ಟೋ ಜನರಿಗೆ ಮುಟ್ಟು ತಪ್ಪಿದ್ದೂ ಗಮನಕ್ಕೆ ಬಂದಿರುವುದಿಲ್ಲ.

ನಿಮ್ಮ ಚೀಟಿಯಲ್ಲಿ ವಾಲ್‌ಪ್ರೊಯೇಟ್ ಇದೆಯಾ ಅಂತ ಮೊದಲು ನೋಡಿ. ಬೈಪೋಲಾರ್‌ಗೂ ಫಿಟ್ಸ್‌ಗೂ ಕೊಡುವ ಮಾತ್ರೆ ಇದು. ಬೈಪೋಲಾರ್ ಅಂದರೆ ಮನಸ್ಸು ಕೆಲವು ಕಾಲ ವಿಪರೀತ ಹುರುಪಿಗೆ, ಕೆಲವು ಕಾಲ ಖಿನ್ನತೆಗೆ ಜಾರುವ ಕಾಯಿಲೆ. ಬಸುರಿನಲ್ಲಿ ಇದನ್ನು ತೆಗೆದುಕೊಂಡರೆ ಸುಮಾರು 10ರಲ್ಲಿ 1 ಮಗುವಿಗೆ ಅಂಗದೋಷ ಬರುತ್ತದೆ, 10ರಲ್ಲಿ 3-4 ಮಕ್ಕಳಿಗೆ ಮಾತು, ಕಲಿಕೆಯ ತೊಂದರೆ ಆಗಬಹುದು. ಹಾಗಾಗಿ ಬಸುರಿಯಾಗುವ ಮುಂಚೆಯೇ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬೇಕು. ಈಗಾಗಲೇ ಬಸುರಿಯಾಗಿದ್ದರೆ ಅವತ್ತೇ ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಎಲ್ಲ ಮಾತ್ರೆಯೂ ಹೀಗಲ್ಲ. ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಅನ್ನು ಅನೇಕರು ಬಸುರಿನಲ್ಲೂ ಮುಂದುವರಿಸುತ್ತಾರೆ. ಬೈಪೋಲಾರ್‌ಗೆ ಕೊಡುವ ಲಿಥಿಯಂನಿಂದ ಮಗುವಿನ ಹೃದಯದ ದೋಷದ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ ನಿಜ, ಆದರೆ ಅದನ್ನು ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರಳಿ ಬರುವ ಸಾಧ್ಯತೆಯೂ ಜಾಸ್ತಿ. ಅದನ್ನು ಮುಂದುವರಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು, ಯಾಕೆಂದರೆ ಬಸುರಿನಲ್ಲಿ ಮೂತ್ರಪಿಂಡ ಲಿಥಿಯಂ ಅನ್ನು ಬೇಗ ಹೊರಹಾಕಿ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಇನ್ನೊಂದು ಮಾತು. ನಿಮಗೆ ಚೆನ್ನಾಗಿ ಒಗ್ಗಿರುವ ಮಾತ್ರೆಯನ್ನು ಸುಮ್ನೆ ಭಯಕ್ಕೆ ಬದಲಾಯಿಸಿದರೆ ಮಗುವಿಗೆ ಒಂದರ ಬದಲು ಎರಡು ಔಷಧಿ ತಗುಲುತ್ತದೆ.

ಹೆರಿಗೆ ಡಾಕ್ಟರಿಗೆ ಮಾತ್ರೆಯ ವಿಷಯ ಮುಚ್ಚಿಡಬೇಡಿ, ಅತ್ತೆ ಮನೆಯವರ ಮುಂದೆ ಹೇಳಲು ಕಷ್ಟವಾದರೆ ಒಬ್ಬರೇ ಮಾತಾಡಬೇಕು ಅಂತ ಕೇಳಿ. ಫೋಲಿಕ್ ಆಸಿಡ್ ಎಷ್ಟು ಅಂತ ಅವರು ಹೇಳುತ್ತಾರೆ. 18ರಿಂದ 20 ವಾರದ ಸ್ಕ್ಯಾನಿಂಗ್ ತಪ್ಪಿಸಬೇಡಿ. ಹೆರಿಗೆಗೆ ತವರಿಗೆ ಹೋಗುವಾಗ ತಾಯಿ ಕಾರ್ಡ್ ಜೊತೆ ಮನೋವೈದ್ಯರ ಚೀಟಿಯನ್ನೂ ಇಟ್ಟುಕೊಳ್ಳಿ, ಅಲ್ಲಿ ಯಾರಿಗೆ ತೋರಿಸುವುದು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ.

ಬಾಣಂತನದ ಮೊದಲ ವಾರಗಳೇ ಹೆಚ್ಚು ಅಪಾಯದವು, ಬೈಪೋಲಾರ್ ಇರುವವರಿಗಂತೂ ಇನ್ನೂ. ರಾತ್ರಿ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಇರಲಿ, ತಾಯಿ ಮಲಗಲಿ. ನಿದ್ದೆಯೇ ಬರದೆ ವಿಪರೀತ ಮಾತು, ಅನುಮಾನ, ಮಗುವಿನ ಬಗ್ಗೆ ವಿಚಿತ್ರ ಯೋಚನೆ ಶುರುವಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಯಾರನ್ನು ಕೇಳುವುದು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ.