'ಕೊನೆಗೆ' ಬೇರೆ, 'ಕೊನೆಗೂ' ಬೇರೆ: ಚೀನೀ ಭಾಷೆ ಕಲಿಯುವಾಗ ನನಗಾದ ಅನುಭವ

ಚೀನೀ ಭಾಷೆ ಕಲಿಯಲು ಶುರು ಮಾಡಿ ಎರಡು ವರ್ಷ ಆಗಿತ್ತು. ಕೆಲಸದ ವಿಷಯವಾಗಿ ಅಲ್ಲಿನ ಸಪ್ಲೈಯರ್ ಒಬ್ಬರಿಗೆ ವೀಚಾಟ್‌ನಲ್ಲಿ ಮೆಸೇಜ್ ಹಾಕಿದೆ, ಗಿರಾಕಿ ಆರ್ಡರ್ ಕ್ಯಾನ್ಸಲ್ ಮಾಡಿದ್ದಾರೆ ಅಂತ. ಅದರಲ್ಲಿ 'ಝೊಂಗ್‌ಯೂ' ಅನ್ನೋ ಪದ ಸೇರಿಸಿದ್ದೆ. ಡಿಕ್ಷನರಿಯಲ್ಲಿ ಅದರ ಮುಂದೆ 'ಫೈನಲಿ' ಅಂತ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಆಕೆಯ ಉತ್ತರ ಬಂತು: "ನಿಮಗೆ ಇದರಿಂದ ಖುಷಿಯಾಯಿತಾ?"

ನನಗೆ ತುಂಬಾ ಬೇಜಾರಾಯಿತು. ಕ್ಷಮೆ ಕೇಳಿದೆ. ಆಮೇಲೆ ಕೂತು ಯೋಚಿಸಿದಾಗ ಹೊಳೆಯಿತು, ಝೊಂಗ್‌ಯೂ ಅನ್ನೋದು ಹೆಚ್ಚಾಗಿ ಬಹಳ ದಿನ ಕಾದು, ಆಸೆಪಟ್ಟು, ಆ ಕೆಲಸ ಆದಾಗ ಬರುವ ಮಾತು. 'ಕೊನೆಗೂ ಮಳೆ ಬಂತು' ಅಂತೀವಲ್ಲ, ಆ 'ಕೊನೆಗೂ'. ನಾನು ಬರೆಯಬೇಕಿದ್ದದ್ದು 'ಜುಯ್‌ಹೋ', ಅಂದರೆ ಸುಮ್ನೆ 'ಕೊನೆಗೆ'. ಕನ್ನಡದಲ್ಲಿ ಈ ವ್ಯತ್ಯಾಸ ಚಿಕ್ಕ ಮಕ್ಕಳಿಗೂ ಗೊತ್ತು. ನಾನು ಇಂಗ್ಲಿಷ್ ದಾರಿ ಹಿಡಿದು ಹೋಗಿದ್ದರಿಂದ ಅದು ಕಾಣಲೇ ಇಲ್ಲ.

ಅವತ್ತೇ ಹೊಸ ನೋಟ್‌ಬುಕ್ ತೆಗೆದೆ. ಇಂಗ್ಲಿಷ್ ಅರ್ಥ ಬರೆಯೋದು ಬಿಟ್ಟೆ. ಪ್ರತಿ ಪದಕ್ಕೂ ಮನೆಯಲ್ಲಿ ನಾವಾಡುವ ಒಂದು ವಾಕ್ಯ ಬರೆದುಕೊಂಡೆ. 'ಜೊಂಗ್‌ಸ್ವಾನ್' ಪಕ್ಕದಲ್ಲಿ 'ಅಂತೂ ಇಂತೂ ಬಸ್ ಸಿಕ್ತು'. 'ಬಿಜಿಂಗ್' ಪಕ್ಕದಲ್ಲಿ (ಇದು ಊರಿನ ಹೆಸರಲ್ಲ, ಬೇರೆ ಪದ) 'ಎಷ್ಟಾದರೂ ಅವನು ಮಗು ಅಲ್ವಾ'. 'ದಾವ್‌ದಿ' ಅಂದರೆ ಅಕ್ಷರಶಃ ತಳ ಮುಟ್ಟುವುದು. ಪ್ರಶ್ನೆಯೊಳಗೆ ಬಂದಾಗ 'ಬರ್ತೀಯೋ ಇಲ್ವೋ, ಒಂದು ಹೇಳು' ಅಂತ ಪಟ್ಟು ಹಿಡಿದು ಕೇಳುವ ದನಿ ಬರುತ್ತೆ. ಅದಕ್ಕೇ ಹಿರಿಯರ ಹತ್ತಿರ, ಗಿರಾಕಿಗಳ ಹತ್ತಿರ ನಾನು ಅದನ್ನು ಬಳಸುವುದಿಲ್ಲ. ಇನ್ನೊಂದು ವಿಷಯ, ವಾಕ್ಯದ ಕೊನೆಗೆ 'ಮಾ' (ನಮ್ಮ 'ಬರ್ತೀಯಾ' ಕೊನೆಯ 'ಆ' ಇದ್ದ ಹಾಗೆ) ಹಚ್ಚಿ ಕೇಳುವ ಪ್ರಶ್ನೆಯಲ್ಲಿ ದಾವ್‌ದಿ ಬರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಜಿಯೇಗ್ವೋ'. ಫಲಿತಾಂಶ ಅಂತ ಅರ್ಥ. ಮೊದಲ ಅಕ್ಷರವನ್ನು ಒಂದನೇ ಸ್ವರದಲ್ಲಿ, ಅಂದರೆ ದನಿ ಏರಿಳಿಸದೆ ಎತ್ತರದಲ್ಲೇ ಹಿಡಿದು, ಹೇಳಿದರೆ ಅದೇ ಎರಡು ಅಕ್ಷರಗಳಿಗೆ 'ಮರ ಕಾಯಿ ಬಿಡುವುದು' ಅಂತ ಅರ್ಥ. ನಮ್ಮ ಫಲಿತಾಂಶದೊಳಗೂ ಫಲ ಇದೆಯಲ್ವಾ! ಆದರೆ ಮಾತುಕತೆಯಲ್ಲಿ ಇದು ಎಣಿಸದ್ದು ಆದಾಗಲೇ ಜಾಸ್ತಿ ಕೇಳುತ್ತೆ: ಅಷ್ಟು ದೂರ ಹೋದೆ, ಹೋಗಿ ನೋಡಿದ್ರೆ ಅಂಗಡಿ ಬಾಗಿಲು ಹಾಕಿತ್ತು. ಆ 'ನೋಡಿದ್ರೆ' ಇರುವ ಜಾಗದಲ್ಲಿ ಅವರು ಜಿಯೇಗ್ವೋ ಅಂತಾರೆ.

ಆಮೇಲೆ 'ಛಂಗ್‌ಯೂ'ಗಳಿಗೆ ಕೈ ಹಾಕಿದೆ. ಹೆಚ್ಚಿನವು ನಾಲ್ಕೇ ಅಕ್ಷರದ ನುಡಿಗಟ್ಟುಗಳು. ಹುಲಿಯ ತಲೆ, ಹಾವಿನ ಬಾಲ ಅಂದರೆ ನಮ್ಮ ಆರಂಭಶೂರತ್ವ. ಕಾಯಿ ಹಣ್ಣಾದರೆ ತೊಟ್ಟು ತಾನೇ ಕಳಚುತ್ತೆ ಅನ್ನುವುದು 'ಗ್ವಾ ಶೂ ದೀ ಲ್ವೋ', ಸಮಯ ಕೂಡಿಬಂದಾಗ ಕೆಲಸ ತಾನಾಗಿ ಆಗುತ್ತೆ ಅಂತ. ಓದಿದ ಕೂಡಲೇ ಅಜ್ಜಿ ಹೇಳುತ್ತಿದ್ದ ಮೃತ್ಯುಂಜಯ ಮಂತ್ರದ ಸೌತೆಕಾಯಿ ನೆನಪಾಯಿತು. ಅಲ್ಲಿನ ಅರ್ಥ ಬೇರೆ, ಆದರೆ ತೊಟ್ಟಿನಿಂದ ಬಿಡಿಸಿಕೊಳ್ಳುವ ಚಿತ್ರ ಒಂದೇ.

ಇನ್ನೊಂದು 'ಶುಯ್ ಲ್ವೋ ಶಿ ಛೂ'. ನೀರು ಇಳಿಯಿತು, ಕಲ್ಲು ಕಂಡಿತು. ಕವಿ ಸು ಶಿ 1082ರಲ್ಲಿ ಕೆಂಪು ಬಂಡೆಯ ಹತ್ತಿರದ ನದಿಯನ್ನು ಬಣ್ಣಿಸುವಾಗ ಇದೇ ನಾಲ್ಕು ಅಕ್ಷರ ಬರೆದ. ಅವನು ಹೇಳಿದ್ದು ಕಣ್ಣಿಗೆ ಕಂಡ ನೀರನ್ನೇ. ಈಗಿನವರು ಮುಚ್ಚಿಟ್ಟ ಸತ್ಯ ಕಡೆಗೆ ಬಯಲಾಯಿತು ಅನ್ನಲು ಬಳಸುತ್ತಾರೆ. ನಾನು ತುಂಗಭದ್ರೆ ದಡದವನು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮಳೆಗಾಲದಲ್ಲಿ ಕಾಣದಿದ್ದ ಬಂಡೆಗಳು ಒಂದೊಂದಾಗಿ ಮೇಲೆ ಬರುವುದನ್ನು ನೋಡಿಕೊಂಡೇ ಬೆಳೆದವನು. ಹಾಗಾಗಿ ಇದನ್ನು ಬಾಯಿಪಾಠ ಮಾಡಬೇಕಾಗಲೇ ಇಲ್ಲ.

ಈಗ ನೋಟ್‌ಬುಕ್ಕಿನಲ್ಲಿ 'ಜಿಯುಜಿಂಗ್' ಪಕ್ಕದ ಜಾಗ ಖಾಲಿ ಇದೆ. ಅದೂ ದಾವ್‌ದಿ ಹಾಗೇ, ಆದರೆ ಬರವಣಿಗೆಯಲ್ಲಿ ಜಾಸ್ತಿ ಬರುತ್ತೆ. 'ಅಷ್ಟಕ್ಕೂ' ಅಂತ ಬರೆದು ಎರಡು ಸಲ ಅಳಿಸಿದ್ದೇನೆ.