ಉಡುಪಿಯ ಹಳೆಯ ಹೋಟೆಲಿನಲ್ಲಿ ಕೂರುವುದು ಹೇಗೆ: ಕಲಬುರಗಿಯವರಿಗೆ ನಾಲ್ಕು ಮಾತು

ನಮ್ಮ ಕಡೆ ಊಟ ಅಂದರೆ ಒತ್ತಾಯ ಇರಲೇಬೇಕು. ಸಾಕು ಅಂದ ಮೇಲೆ ತಾಟಿಗೆ ಬೀಳುವ ರೊಟ್ಟಿಗೇ ರುಚಿ ಜಾಸ್ತಿ. ಇದೇ ಲೆಕ್ಕ ಇಟ್ಟುಕೊಂಡು ಉಡುಪಿಗೆ ಹೋದರೆ ಬೇಜಾರಾಗುತ್ತದೆ. ನನಗೂ ಆಗಿತ್ತು. ಅತ್ತೆಯನ್ನು ಕೃಷ್ಣಮಠ ನೋಡಲು ಕರೆದುಕೊಂಡು ಹೋದಾಗ ಹತ್ತಿರದ ಒಂದು ಹಳೆಯ ಹೋಟೆಲಿನಲ್ಲಿ ಕೂತೆವು. ಸಪ್ಲೈಯರ್ ಬಂದ, ಒಂದೇ ಉಸಿರಿಗೆ ಹನ್ನೆರಡು ತಿಂಡಿಯ ಹೆಸರು ಹೇಳಿದ, ನಿಂತ. ನಮಗೆ ಕೇಳಿಸಿದ್ದು ಕೊನೆಯ ಎರಡು ಮಾತ್ರ. ‘ಏನ್ ಮಂದಿ ಅವ್ವಾ, ಬರ್ರಿ ಕೂಡ್ರಿ ಅಂತ ಒಂದ್ ಮಾತಿಲ್ಲ’ ಅಂದರು ಅತ್ತೆ.

ಅದಕ್ಕೇ ಮೊದಲ ಪಾಠ: ಆತ ಗಡಿಬಿಡಿ ಮಾಡುತ್ತಿಲ್ಲ, ನಿಮ್ಮನ್ನು ಕಾಯಿಸಬಾರದು ಅಂತ ಓಡುತ್ತಿದ್ದಾನೆ. ಅಲ್ಲಿ ಬಿಸಿಬಿಸಿಯಾಗಿ ಬೇಗ ತಂದಿಡುವುದೇ ಉಪಚಾರ. ಮತ್ತೊಮ್ಮೆ ಹೇಳಿ ಅಂದರೆ ಮುಖ ಗಂಟಿಕ್ಕದೆ ಹೇಳುತ್ತಾರೆ. ‘ಬಿಸಿ ಏನುಂಟು?’ ಅಂತ ಕೇಳಿ ನೋಡಿ. ನಮ್ಮ ‘ಅದ’ ಅಲ್ಲಿ ‘ಉಂಟು’. ಆ ಹೊತ್ತಿಗೆ ಬಾಣಲೆಯಿಂದ ಇಳಿದದ್ದೇ ಬರುತ್ತದೆ.

ಈ ಓಟ ಬಂದದ್ದು ಮಠದ ಅಡುಗೆಮನೆಯಿಂದ ಅಂತ ನನ್ನ ಅಂದಾಜು. ಅಲ್ಲಿ ಎಂಟು ಮಠಗಳು ಸರದಿಯ ಮೇಲೆ ಕೃಷ್ಣನ ಪೂಜೆ ನಡೆಸುತ್ತವೆ. ಮೊದಲು 2 ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಅಲ್ಲಿಯ ಯತಿ ವಾದಿರಾಜರು 2 ವರ್ಷಕ್ಕೆ ಏರಿಸಿದರು. ಪೂಜೆಯ ಜೊತೆ ಊಟದ ಹೊಣೆಯೂ ಇದೆ. ಪಂಕ್ತಿ ಎದ್ದಂತೆ ಪಂಕ್ತಿ ಕೂರಿಸಿ ಬಡಿಸಿದ ಕೈಗಳಿಗೆ ಹೋಟೆಲು ಎಷ್ಟರ ಕೆಲಸ? ಆ ಸೀಮೆಯವರು ಊರು ಬಿಟ್ಟು ಹೋದಲ್ಲೆಲ್ಲ ಒಲೆ ಹಚ್ಚಿದರು. ಕೋಟದ ಕಡೆಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದೇ ಇವತ್ತಿನ ಎಂಟಿಆರ್. ಕಡಂದಲೆಯ ಕೃಷ್ಣ ರಾವ್ 1938ರಲ್ಲಿ ಮದ್ರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಮುಂಬೈಗೆ ದುಡಿಯಲು ಹೋದ ನಮ್ಮ ಮಂದಿಗೆ ಮಾಟುಂಗಾದಲ್ಲಿ ರಾಮ ನಾಯಕರ ಊಟದ ಮನೆ ಗೊತ್ತಿರಬಹುದು, ಅದು 1942ರದ್ದು.

ಈ ಕಥೆ ಪೂರ್ತಿ ಸಿಹಿ ಏನಲ್ಲ. ಹಿಂದೆ ಇಂಥ ಹೋಟೆಲುಗಳಲ್ಲಿ ಕೆಲವು ಕಡೆ ಬ್ರಾಹ್ಮಣರಿಗೆ ಬೇರೆ ಜಾಗ ಇರುತ್ತಿತ್ತು. ಶರಣಬಸಪ್ಪನ ಗುಡಿಯ ದಾಸೋಹದಲ್ಲಿ ಕೂತು ಉಂಡು ಬೆಳೆದ ನನಗೆ ಇದು ಚುಚ್ಚುತ್ತದೆ. ಈಗ ಅದೇ ತರಹದ ಹೋಟೆಲಿನಲ್ಲಿ ಗುರುತಿಲ್ಲದ ನಾಲ್ಕು ಜನ ಒಂದೇ ಟೇಬಲ್ಲಿಗೆ ಬಂದು ಕೂರುತ್ತಾರೆ. ನಿಮ್ಮ ಟೇಬಲ್ಲಿಗೂ ಯಾರಾದರೂ ಬಂದಾರು. ಸುಮ್ನೆ ಸರಿದು ಜಾಗ ಕೊಡಿ.

ಇನ್ನು ಏನು ತಿನ್ನಬೇಕು ಅನ್ನೋದು. ರಥಬೀದಿಯ ಹತ್ತಿರ ಮಿತ್ರ ಸಮಾಜ ಅಂತ ಹಳೆಯ ಹೋಟೆಲಿದೆ, ಹುಡುಕುವುದು ಕಷ್ಟವಲ್ಲ. ಬೆಳಗ್ಗೆಯಾದರೆ ಬನ್ಸ್ ಕೇಳಿ. ಬೇಕರಿಯ ಬನ್ ಅಲ್ಲ. ಬಾಳೆಹಣ್ಣು ಕಿವುಚಿ ಮೈದಾದಲ್ಲಿ ಕಲಸಿ ಪೂರಿಯ ಹಾಗೆ ಕರಿದದ್ದು, ತುಸು ಸಿಹಿ. ಸಂಜೆಯಾದರೆ ಗೋಳಿಬಜೆ. ಮೈದಾ, ಹುಳಿ ಮೊಸರು, ಶುಂಠಿ, ಹಸಿಮೆಣಸು ಹಾಕಿ ಕಲಸಿ ಉಂಡೆ ಉಂಡೆಯಾಗಿ ಎಣ್ಣೆಗೆ ಬಿಡುತ್ತಾರೆ. ನಮ್ಮ ಮಿರ್ಚಿ ಭಜಿಯ ಖಾರ ಅದರಲ್ಲಿ ಹುಡುಕಬೇಡಿ.

ಹೆಸರು ನಂಬಿ ಮಾತ್ರ ಆರ್ಡರ್ ಕೊಡಬೇಡಿ. ಅತ್ತೆ ‘ಸಜ್ಜಿಗೆ’ ಅನ್ನೋದು ಕಿವಿಗೆ ಬಿದ್ದದ್ದೇ ನಮ್ಮ ಸಜ್ಜಕ ಅಂದುಕೊಂಡು ಖುಷಿಯಿಂದ ಎರಡು ಹೇಳಿದರು. ಬಂದದ್ದು ಎರಡು ಪ್ಲೇಟ್ ಉಪ್ಪಿಟ್ಟು. ‘ಇದಕ್ಕ ಬೆಲ್ಲಾನೇ ಹಾಕಿಲ್ಲಲ್ಲೋ ತಮ್ಮಾ’ ಅಂತ ಅತ್ತೆ. ‘ಸಜ್ಜಿಗೆ ಅಂದ್ರೆ ಇದೇ ಅಲ್ವಾ ಅಮ್ಮ?’ ಅಂತ ಆತ. ಇಬ್ಬರೂ ಮಾತಾಡುತ್ತಿದ್ದುದು ಕನ್ನಡವೇ. ಆತ ನಗಲಿಲ್ಲ. ಒಂದು ಪ್ಲೇಟ್ ವಾಪಸ್ ಒಯ್ದು, ಕೇಳದೆಯೇ ಶಿರಾ ತಂದಿಟ್ಟ. ‘ಹುಡುಗ ಛಲೋ ಇದ್ದಾನ’ ಅಂದರು ಅತ್ತೆ. ಬರ್ರಿ ಕೂಡ್ರಿ ಅನ್ನದಿದ್ದದ್ದು ಆಗಲೇ ಮರೆತುಹೋಗಿತ್ತು.

ಬೆಲ್ಲದ ಮಾತು ಬಂತು, ಹೇಳಿಬಿಡುತ್ತೇನೆ. ಅವರ ಸಾಂಬಾರಿನಲ್ಲಿ ಬೆಲ್ಲ ಇರುತ್ತದೆ, ತೆಂಗಿನಕಾಯಿಯೂ ಇರುತ್ತದೆ. ನಮ್ಮ ಮನೆಯವರು ಮೊದಲ ಚಮಚಕ್ಕೇ ಕಿಸೆಯಿಂದ ಶೇಂಗಾ ಹಿಂಡಿಯ ಪೊಟ್ಟಣ ತೆಗೆದರು. ಹಾಗೆ ಮಾಡಬೇಡಿ. ಮೊದಲು ನಾಲ್ಕು ತುತ್ತು ಹಾಗೇ ತಿನ್ನಿ, ನಾಲಿಗೆ ಹೊಂದಿಕೊಳ್ಳುತ್ತದೆ. ಆಗದಿದ್ದರೆ ಚಟ್ನಿ ಜಾಸ್ತಿ ಹಾಕಿಸಿಕೊಳ್ಳಿ. ಹೇಗಿದ್ದರೂ ಆ ಸಾಂಬಾರಿನಲ್ಲಿ ಇರುವುದು ತೊಗರಿಬೇಳೆಯೇ ಅಲ್ವಾ? 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಬೇಳೆಯ ಊರಿನವರು ನಾವು, ಅಷ್ಟು ನಂಟು ಸಾಕು.

ಮಧ್ಯಾಹ್ನದ ಊಟಕ್ಕೆ ನನ್ನ ಸಲಹೆ ಮಠವೇ. ಭಕ್ತರಿಗೆ ಅಲ್ಲಿ ದುಡ್ಡಿಲ್ಲದೆ ಊಟ ಇದೆ. ಹೋಟೆಲಿನಲ್ಲೇ ಉಣ್ಣುವುದಾದರೆ ಒಂದು ಮಾತು ನೆನಪಿಡಿ: ಬೆಳ್ತಿಗೆ. ಬಿಳಿ ಅನ್ನಕ್ಕೆ ಅಲ್ಲಿ ಹಾಗೆ ಹೇಳುತ್ತಾರೆ. ಇನ್ನೊಂದು ಕುಚ್ಚಲಕ್ಕಿ, ದಪ್ಪ ಕೆಂಪು ಅಗುಳು. ರೊಟ್ಟಿ ತಿನ್ನುವ ಹೊಟ್ಟೆಗೆ ಅದೇ ಚೆನ್ನಾಗಿ ನಿಲ್ಲುತ್ತದೆ. ನನಗಂತೂ ಹಿಡಿಸಿತು, ಮನೆಯಲ್ಲಿ ಬೇರೆ ಯಾರೂ ಮುಟ್ಟಲಿಲ್ಲ.

ಹೋಗುವ ದಿನ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ, ಅಂದರೆ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ನಡೆಯುತ್ತದೆ. ಆಗ ರೂಮು ಸಿಗುವುದು ಕಷ್ಟ, ಹೋಟೆಲಿನಲ್ಲಿ ಕೂರಲು ಜಾಗವೂ ಕಷ್ಟ. ಅಷ್ಟಮಿಯ ಹೊತ್ತಿಗೂ ಜನ ಜನ. ಸಾಮಾನ್ಯ ದಿನ ಹೋದರೆ ಗಲ್ಲಾದಲ್ಲಿ ಕೂತವರೂ ಎರಡು ಮಾತಾಡುತ್ತಾರೆ. ದುಡ್ಡು ಕೊಡುವಾಗ ನಾನು ಕಲಬುರಗಿ ಅಂದೆ. ‘ಅಷ್ಟು ದೂರದಿಂದ್ಲಾ? ಕಾಫಿ ಆಯ್ತಾ?’ ಅಂದರು. ನಮ್ಮ ಒತ್ತಾಯ ಅಲ್ಲಿ ಗಲ್ಲಾದ ಹತ್ತಿರ ಸಿಗುತ್ತದೆ ನೋಡಿ.

ಕೊನೆಗೆ, ಗೋಳಿಬಜೆ ಪಾರ್ಸೆಲ್ ತರಬೇಡಿ. ನೆರೆಮನೆಯವರಿಗೆ ಅಂತ ನಾನು ಇಪ್ಪತ್ತು ಕಟ್ಟಿಸಿಕೊಂಡು ರಾತ್ರಿಯೆಲ್ಲ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಊರಿಗೆ ಬಂದು ಡಬ್ಬಿ ತೆಗೆದರೆ ರಬ್ಬರ್ ಚೆಂಡಾಗಿದ್ದವು. ಮೊಮ್ಮಗ ಒಂದನ್ನು ನೆಲಕ್ಕೆ ಹಾಕಿ ಪುಟಿಯುತ್ತದಾ ಅಂತ ನೋಡಿದ.