ನೂರು ಇಂಚು ಮಳೆ, ಮಾರ್ಚ್‌ನಲ್ಲಿ ಒಣಗಿದ ಬಾವಿ

ನಮ್ಮ ಕಾಫಿ ತೋಟ ಕೊಡಗಿನ ಶ್ರೀಮಂಗಲದ ಕಡೆ, ಬ್ರಹ್ಮಗಿರಿಯ ತಪ್ಪಲಿನಲ್ಲಿದೆ. ವರ್ಷಕ್ಕೆ ನೂರು ಇಂಚು ಮಳೆ ಸುರಿಯುವುದು ಇಲ್ಲಿ ವಿಶೇಷವೇನಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಮಾರ್ಚ್ ಮೊದಲ ವಾರದಲ್ಲೇ ಮನೆಯ ಬಾವಿಯಲ್ಲಿ ಕೊಡ ಕೆಸರಿಗೆ ತಾಗಿತು. ಬೋರ್‌ವೆಲ್ ಕೊರೆಯುವವರಿಗೆ ಫೋನ್ ಮಾಡಿದೆ. ಅಮ್ಮ ಬೇಡವೆನ್ನಲಿಲ್ಲ. ಖಾಲಿ ಕೊಡವನ್ನು ಬಾವಿಕಟ್ಟೆಯ ಮೇಲಿಟ್ಟು, “ಗದ್ದೆ ಪಾಳು ಬಿಟ್ಟು ಎಷ್ಟು ವರ್ಷವಾಯಿತು?” ಎಂದಷ್ಟೇ ಕೇಳಿದರು.

ನಾಲ್ಕು ವರ್ಷವಾಗಿತ್ತು. ಆಳು ಸಿಗುವುದಿಲ್ಲ, ಭತ್ತಕ್ಕೆ ಹಾಕಿದ ಅಸಲೂ ಗಿಟ್ಟುವುದಿಲ್ಲ, ಆನೆ ಬಂದರೆ ಅದೂ ಇಲ್ಲ. ಕಾರಣಗಳು ಸುಳ್ಳಲ್ಲ. ಆದರೆ ಗದ್ದೆಗೂ ಬಾವಿಗೂ ಇರುವ ನಂಟಿನ ಬಗ್ಗೆ ನಾನು ಯೋಚಿಸಿರಲೇ ಇಲ್ಲ.

ಕೊಡಗಿನ ಎಷ್ಟೋ ಬೆಳೆಗಾರರ ಮನೆಗಳಂತೆ ನಮ್ಮಲ್ಲೂ ಮಳೆ ಲೆಕ್ಕದ ಪುಸ್ತಕವಿದೆ. ಬೆಳಗ್ಗೆ ಮಾಪಕ ನೋಡಿ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುವುದು ಅಜ್ಜನ ಕಾಲದ ರೂಢಿ. ಆ ಜೂನ್‌ನಿಂದ ಅದರ ಪಕ್ಕದಲ್ಲಿ ಬಾವಿಯ ಮಟ್ಟವನ್ನೂ ಬರೆಯತೊಡಗಿದೆ. ನೈಲಾನ್ ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಹಳೆಯ ಬೀಗವೊಂದನ್ನು ಕಟ್ಟಿದೆ. ಬೀಗ ನೀರಿಗೆ ತಾಗಿದ ಸದ್ದು ಕೇಳಿದೊಡನೆ ಹಗ್ಗವನ್ನು ಕಟ್ಟೆಯ ಅಂಚಿಗೆ ಒತ್ತಿ ಹಿಡಿದು, ಮೇಲೆಳೆದು ಗಂಟು ಎಣಿಸುವುದು. ಇಷ್ಟೇ ಕೆಲಸ.

ಎರಡೂ ಲೆಕ್ಕಗಳು ಜೊತೆಯಾಗಿ ನಡೆಯಲಿಲ್ಲ. ಜುಲೈ-ಆಗಸ್ಟ್‌ನ ಕಕ್ಕಡ ಮಾಸದಲ್ಲಿ ಒಂದೇ ದಿನ ಆರು ಇಂಚು ಸುರಿದಾಗ ತೋಡು ಕೆಂಪಗೆ ಉಕ್ಕಿ ಹರಿಯಿತು. ಮರುದಿನ ಬಾವಿ ಒಂದು ಗಂಟಿನಷ್ಟೂ ಏರಿರಲಿಲ್ಲ. ಎಕರೆಗೆ ಒಂದು ಇಂಚು ಮಳೆಯೆಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು. ಆ ದಿನ ಎಕರೆಗೆ ಆರು ಲಕ್ಷ ಲೀಟರು ಬಂದು, ಬಹುಪಾಲು ಹಾಗೆಯೇ ಲಕ್ಷ್ಮಣತೀರ್ಥ ನದಿಯ ಪಾಲಾಯಿತು. ಅಲ್ಲಿಂದ ಕೃಷ್ಣರಾಜಸಾಗರ, ಕಾವೇರಿ, ಕೊನೆಗೆ ಬಂಗಾಳಕೊಲ್ಲಿ. ಇದೇ ಬೆಟ್ಟಸಾಲಿನ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಬರಪೊಳೆ ನದಿಗೆ ಇಳಿದು, ಕೇರಳದ ಮೂಲಕ ಅರಬ್ಬಿ ಸಮುದ್ರವನ್ನೇ ಮತ್ತೆ ಸೇರುತ್ತದೆ.

ಆವಿಯಾಗಿ ಗಾಳಿಗೆ ಸೇರಿದ ನೀರು ಅಲ್ಲಿ ಉಳಿಯುವುದು ಸರಾಸರಿ ಒಂಬತ್ತು ಹತ್ತು ದಿನ ಮಾತ್ರ. ನೆಲದ ಆಳಕ್ಕೆ ಇಳಿದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ, ಕೆಲವೆಡೆ ಶತಮಾನಗಳೇ ತಂಗುತ್ತದೆ. ಭೂಮಿಯ ಒಟ್ಟು ನೀರಿನಲ್ಲಿ ಸಿಹಿನೀರು ನೂರಕ್ಕೆ ಮೂರು ಪಾಲೂ ಇಲ್ಲ. ಅದರಲ್ಲಿ ಮೂರನೇ ಎರಡು ಭಾಗ ಹಿಮವಾಗಿ ಕುಳಿತಿದೆ, ಮಿಕ್ಕದ್ದರಲ್ಲಿ ಹೆಚ್ಚಿನದು ನೆಲದಡಿಯದು. ಹೊಳೆ, ಕೆರೆಗಳಲ್ಲಿ ಕಾಣುವುದು ತೀರಾ ಅಲ್ಪ. ನಾನೋ ಉಕ್ಕುವ ತೋಡನ್ನು ನೋಡಿ, ನಮಗೆ ನೀರಿಗೇನು ಬರ ಎಂದುಕೊಂಡಿದ್ದೆ.

ಮರುವರ್ಷ ಬಾವಿಗಿಂತ ಮೇಲಿರುವ ಮುಕ್ಕಾಲು ಎಕರೆ ಗದ್ದೆಯನ್ನು ಉತ್ತೆವು. ಹೆಚ್ಚು ಕಾಡಿದ್ದು ಬದು. ಏಡಿ ಕೊರೆದ ಒಂದು ತೂತು ಮುಚ್ಚಿದರೆ ಮಾರು ದೂರದಲ್ಲಿ ಇನ್ನೊಂದು ಕಡೆಯಿಂದ ನೀರು ಚಿಮ್ಮುತ್ತಿತ್ತು. ಬೇರು ಸಮೇತ ಹುಲ್ಲಿನ ಹೆಂಟೆ ಕಿತ್ತು ತುರುಕಿ, ಅದರ ಮೇಲೆ ಕೆಸರು ಮೆತ್ತಿ, ಸಾಲಾಗಿ ನಿಂತು ತುಳಿದೆವು. ಕೆಸರು ಮಾಡಿದ ಗದ್ದೆ ನೀರನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ತಿಂಗಳುಗಟ್ಟಲೆ ತಳದಿಂದ, ಬದುವಿನ ಬುಡದಿಂದ ಒಸರುತ್ತಿರುತ್ತದೆ. ಆ ಒಸರು ನಮ್ಮ ಬಾವಿಗೆ ಇಳಿಯುತ್ತಿತ್ತು.

ತೋಟದಲ್ಲಿ ಕಾಫಿ ಸಾಲುಗಳ ನಡುವೆ ಮಳೆನೀರು ನಿಂತು ಇಂಗಲೆಂದು ತೊಟ್ಟಿಲು ಗುಂಡಿ ತೆಗೆಸಿದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಒಂದನ್ನೂ ತೋಡಿಸಲಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಕಂಡವರು ನಾವು. ನೀರು ಕುಡಿದ ಮಣ್ಣು ತನ್ನ ಭಾರಕ್ಕೇ ಜಾರುತ್ತದೆ. ಅಂಥಲ್ಲಿ ಮರ ಕಡಿಯದೆ, ನೀರು ಸರಾಗವಾಗಿ ಹೋಗುವಂತೆ ಚರಂಡಿ ಬಿಡಿಸಿಡುವುದೇ ಸರಿ. ಎಲ್ಲ ಕಡೆಯೂ ನೀರು ಇಂಗಿಸಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲ ವರ್ಷ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ವರ್ಷ ಸುಗ್ಗಿಯ ಹಬ್ಬ ಪುತ್ತರಿ ಕಳೆದು, ಮಳೆಯ ಲೆಕ್ಕದಲ್ಲಿ ಬರೀ ಸೊನ್ನೆಗಳು ತುಂಬಿದ ಮೇಲೂ ಬಾವಿ ವಾರಕ್ಕೆ ಅರ್ಧ ಗಂಟಿನಷ್ಟೇ ಇಳಿಯಿತು. ಹಿಂದೆ ಒಂದೂವರೆ ಗಂಟು ಇಳಿಯುತ್ತಿತ್ತು. ಕಾಫಿ ಅರಳಿಸುವ ಹೂಮಳೆ ತಡವಾದ ಆ ಮಾರ್ಚ್ ಕೊನೆಯಲ್ಲೂ ಏಳಡಿ ನೀರಿತ್ತು. ಮನೆಗೆ, ಹಟ್ಟಿಗೆ ಧಾರಾಳವಾಯಿತು. ಬೋರ್‌ವೆಲ್ ಲಾರಿಯನ್ನು ಕರೆಸಲಿಲ್ಲ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಈ ಬಾವಿ ಏನೇನೂ ಸಾಲದು, ಅದಕ್ಕೆ ಕೆರೆಯೇ ಆಗಬೇಕು. ಈ ಬೇಸಿಗೆಯಲ್ಲಿ ಅದರ ಹೂಳು ತೆಗೆಸುತ್ತಿದ್ದೇನೆ. ಜೂನ್‌ನಿಂದ ಪುಸ್ತಕದಲ್ಲಿ ಕೆರೆಯ ಮಟ್ಟಕ್ಕೂ ಒಂದು ಜಾಗ ಬಿಟ್ಟಿದ್ದೇನೆ.